ಮೂರು ಬಲ್ಬು, ಒಂದು ಹಲ್ಲು

“ಇನ್ನು ಮುಂದೆ ಈ ಮನೆಯಲ್ಲಿ ಊಟ ನಡೆಯೋದು ಕನಸಿನ ಬೆಳಕಿನಲ್ಲಿ!” ಎಂದು ಕುರ್ಚಿಯ ಮೇಲೆ ನಿಂತು ನಾನು ಘೋಷಿಸಿ ಒಂದು ನಿಮಿಷವೂ ಆಗಿರಲಿಲ್ಲ, ನನ್ನ ಮುಂದಿನ ಹಲ್ಲು ಅರ್ಧ ಮುರಿದು ಊಟದ ಮೇಜಿನ ಮೇಲೆ ಬಿದ್ದಿತ್ತು.

ಮೇಜಿನ ಮೇಲೆ ಸಾಲಾಗಿ ಮೂರು ತೂಗುದೀಪಗಳು. ಮೂರಕ್ಕೂ ಹೊಸ ಬಲ್ಬು ಹಾಕಿ ಮುಗಿಸಿದ ಸಂಭ್ರಮದಲ್ಲಿ ಕೊನೆಯದನ್ನು ಉಯ್ಯಾಲೆಯಂತೆ ಮೆಲ್ಲನೆ ಆಚೆಗೆ ತಳ್ಳಿದೆ. ಆಚೆ ಹೋದ ಲೋಲಕ ಈಚೆಗೂ ಬರುತ್ತದೆ ಎಂದು ಇಪ್ಪತ್ತೆರಡು ವರ್ಷಗಳಿಂದ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿರುವವಳು ನಾನೇ! ಬಂತು. ಅದರ ಹಿತ್ತಾಳೆಯ ಅಂಚು ಸೀದಾ ಬಂದು ನನ್ನ ಹಲ್ಲಿಗೆ ಮುತ್ತಿಟ್ಟಿತು. ಬಲ್ಬಿಗೆ ಒಂದು ಗೀರೂ ಬೀಳಲಿಲ್ಲ.

“ರೀ!” ಎಂದು ಕಿರುಚಿದೆ. ಯಜಮಾನರು ಮುಂದಿನ ಕೋಣೆಯಿಂದ ಓಡಿ ಬಂದರು. ಬೇರೆ ಗಂಡಂದಿರಾಗಿದ್ದರೆ “ನೋವಾಯ್ತಾ?” ಎಂದು ಕೇಳುತ್ತಿದ್ದರು. ನಮ್ಮವರು ಕೇಳಿದ್ದು, “ಯಾವುದು? ಮೇಲಿನ ಸಾಲು, ಬಲಗಡೆ ಒಂದನೇದಾ?”

ಅವರ ಕಸುಬೇ ಅದು. ದಂತವೈದ್ಯರು ಅಳತೆ ಕಳಿಸಿದರೆ ಇವರು ಹಲ್ಲು ಮಾಡಿ ಕೊಡುತ್ತಾರೆ. ಊರಿನ ಅರ್ಧ ಜನ ನಗುವುದು ನನ್ನ ಗಂಡನ ಹಲ್ಲಿನಿಂದ. ಅವರ ಕೈಚಳಕ ವೈದ್ಯರ ನಡುವೆ ದಂತಕಥೆ! ಆದರೆ ಆ ಕಸುಬಿನಿಂದ ನನಗಾದ ನಷ್ಟವನ್ನು ಕೇಳುವವರಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಈ ಮನುಷ್ಯ ನನ್ನ ಮುಖವನ್ನು ಮೂಗಿನಿಂದ ಕೆಳಗೆ, ಗಲ್ಲದಿಂದ ಮೇಲೆ ಮಾತ್ರ ನೋಡಿದ್ದಾರೆ. ಮದುವೆಯ ಹೊಸತರಲ್ಲಿ ಒಮ್ಮೆ, “ನಿನ್ನ ನಗು...” ಎಂದು ತಡೆದರು. ನಾನು ಉಸಿರು ಬಿಗಿಹಿಡಿದೆ. “...ಎಡಗಡೆ ಸ್ವಲ್ಪ ಸವೆದಿದೆ” ಎಂದು ಮುಗಿಸಿದರು.

ಅದಕ್ಕೇ ಈ ಬಲ್ಬುಗಳು. ತಪ್ಪು ಇವರದ್ದಲ್ಲ, ಬೆಳಕಿನದ್ದು ಎಂಬುದು ನನ್ನ ಸಂಶೋಧನೆ. ಅದುವರೆಗೆ ತೂಗುದೀಪಗಳಲ್ಲಿ ಇದ್ದದ್ದು ಇವರೇ ತಂದ ಬಿಳಿ ಬಲ್ಬು. ಅದರ ಕೆಳಗೆ ಊಟಕ್ಕೆ ಕೂತರೆ ಆಪರೇಷನ್ನಿಗೆ ಮಲಗಿದಂತೆ. ಅಲ್ಲಿ ಯಾವ ಗಂಡ ತಾನೇ ಹೆಂಡತಿಯನ್ನು ಕಣ್ತುಂಬ ನೋಡಿಯಾನು? ನೋಡಿದರೂ ಸುಕ್ಕು ಎಣಿಸಿಯಾನು! ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಹೇಳುತ್ತಿದ್ದರು, “ಗರ್ಲ್ಸ್, ರುಚಿ ನಾಲಿಗೆಗಿದ್ದರೆ ಸಾಲದು, ಕಣ್ಣಿಗೂ ಇರಬೇಕು.” ಆ ಕಣ್ಣಿನ ರುಚಿಯನ್ನು ಕಟ್ಟಿಕೊಂಡು ಬಲ್ಬಿನ ಅಂಗಡಿಗೆ ಹೋಗಿದ್ದೆ.

ಅಂಗಡಿಯ ಚಾವಣಿಯ ತುಂಬ ಬಲ್ಬುಗಳು. ಗುಂಡಗಿನವು, ಹನಿಯಂತೆ ಜಾರುವವು, ಒಳಗೆ ಚಿನ್ನದ ಎಳೆ ಸುರುಳಿ ಸುತ್ತಿಕೊಂಡವು. ಜೇನು ಬಣ್ಣದ ಒಂದರ ಮುಂದೆ ನಿಂತೆ, ಕಳೆದೇ ಹೋದೆ. ಸಂಜೆಯನ್ನು ಗಾಜಿನ ಗುಳ್ಳೆಯಲ್ಲಿ ಹಿಡಿದಿಟ್ಟಂತಿತ್ತು. ಅದರ ಕೆಳಗೆ ನಾನು ಕೂತಿದ್ದೇನೆ. ಎದುರಿಗೆ ಇವರು, ಎತ್ತಿದ ತುತ್ತನ್ನು ಕೈಯಲ್ಲೇ ಮರೆತು ನನ್ನನ್ನೇ ನೋಡುತ್ತಿದ್ದಾರೆ...

“ಮೇಡಂ, ಇದು ಬೆಳಕಿಗಲ್ಲ, ಅಂದಕ್ಕೆ,” ಎಂದು ಅಂಗಡಿಯವನು ನನ್ನ ಕನಸಿನೊಳಕ್ಕೆ ತಲೆ ತೂರಿಸಿದ.

“ಅಂದ್ರೆ?”

“ಇದು ಉರೀತಿದೆಯಾ ಅಂತ ನೋಡೋಕೆ ಇನ್ನೊಂದು ಲೈಟ್ ಬೇಕಾಗತ್ತೆ. ಊಟದ ಮೇಜಿಗಾದ್ರೆ ಈ ಹಾಲುಗಾಜಿಂದು ತಗೊಳ್ಳಿ.”

“ನಮ್ಮನೇಲಿ ಬೆಳಕು ಜಾಸ್ತಿಯಾಗೇ ಕಷ್ಟ ಆಗಿರೋದು. ಜೇನು ಬಣ್ಣದ್ದು ಮೂರು ಕೊಡಪ್ಪ!”

ತೂಗುದೀಪದ ಬಲ್ಬನ್ನು ತೂಗಿ ನೋಡದೆ ತಂದೆ. ಹಲ್ಲು ಹೋದದ್ದು ಆಮೇಲೆ.

ಮಾರನೆಯ ದಿನ ದಂತವೈದ್ಯರು ಉಳಿದರ್ಧ ಹಲ್ಲನ್ನು ತಿದ್ದಿ, ಅಳತೆ ತೆಗೆದು, “ಇದರ ಮೇಲೆ ಕೂರಿಸೋ ಟೋಪಿ ನಿಮ್ಮ ಯಜಮಾನ್ರೇ ಮಾಡ್ಲಿ” ಎಂದರು. ಮದುವೆಯಾದಾಗಿನಿಂದ ನನಗೆ ಟೋಪಿ ಹಾಕುತ್ತಿರುವವರಿಗೆ ಈಗ ವೈದ್ಯರ ಚೀಟಿಯೂ ಸಿಕ್ಕಿತು! ಅವಸರವೂ ಇತ್ತು. ಶನಿವಾರ ಬೆಳಗ್ಗೆ ಶಾಲೆಯ ಗ್ರೂಪ್ ಫೋಟೊ. ಹಿರಿಯಳೆಂದು ಈ ಸಲ ನಟ್ಟನಡುವಿನ ಕುರ್ಚಿ ನನ್ನದು. ನಾನು ರಿಟೈರ್ ಆದ ಮೇಲೂ ಆ ನಗು ಸ್ಟಾಫ್ ರೂಮಿನ ಗೋಡೆಯ ಮೇಲಿರುತ್ತದೆ.

ಸಂಜೆ ಇವರು ಮಾದರಿ ಹಲ್ಲುಗಳ ಪಟ್ಟಿ ಹಿಡಿದು ಬಂದರು. ಅಚ್ಚ ಬಿಳಿಯಿಂದ ಕಂದು ಹಳದಿಯವರೆಗೆ ಹದಿನಾರು ಹಲ್ಲು ಸಾಲಾಗಿ ನಿಂತ ಪಟ್ಟಿ.

“ಬಣ್ಣ ಬೆಳಗ್ಗೆ ಕಿಟಕಿ ಹತ್ರ ನೋಡೋಣ ಕಣೇ.”

“ಯಾಕೆ, ನಮ್ಮನೇಲಿ ಬೆಳಕಿಲ್ವಾ?”

“ಇದು ಬೆಳಕಾ?”

“ಮತ್ತಿನ್ನೇನು ರೀ? ಇಲ್ಲೇ ನೋಡ್ಬೇಕು. ಈಗ್ಲೇ ನೋಡ್ಬೇಕು.” ಬಲ್ಬುಗಳ ಮಾನದ ಪ್ರಶ್ನೆ!

ಮೂರು ದೀಪಗಳ ಕೆಳಗೆ ಕೂತೆ. ಇವರು ನನ್ನ ಗಲ್ಲ ಹಿಡಿದು ಮೇಲೆತ್ತಿದರು. ನೋಡಿದರು. ಇನ್ನೂ ಹತ್ತಿರ ಬಂದು ನೋಡಿದರು. ಅಬ್ಬ! ಗೋಡೆಗಳು ಜೇನಿನಲ್ಲಿ ಕರಗಿ ದೂರ ಸರಿದವು. ಫ್ರಿಜ್ಜಿನ ಗುರುಗುರು ಎಲ್ಲೋ ಸಮುದ್ರದಂತೆ ಕೇಳಿತು. ಇವರ ನರೆಗೂದಲು ಬಂಗಾರವಾಯಿತು. ಕನ್ನಡಕದ ಎರಡೂ ಗಾಜಿನಲ್ಲಿ ಮೂರು ಮೂರು ಪುಟ್ಟ ಚಂದ್ರರು. ಕಣ್ಣು ಕಿರಿದು ಮಾಡಿಕೊಂಡು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಹಣೆ, ಕೆನ್ನೆ, ಕಿವಿ ಎಲ್ಲವನ್ನೂ ನೋಡುತ್ತಲೇ ಇದ್ದರು. ದಿನಕ್ಕೆ ಆರು ಪೀರಿಯಡ್ ಮಾತಾಡಿ, ಮನೆಗೆ ಬಂದು ಏಳನೆಯದನ್ನು ಶುರು ಮಾಡುವ ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಕನಸು ಹಾರಿ ಹೋದೀತೆಂಬ ಭಯ!

ಕೊನೆಗೆ ಇವರೇ ನಿಟ್ಟುಸಿರು ಬಿಟ್ಟು, “ಎಲ್ಲಿ, ‘ಈ’ ಅನ್ನು” ಎಂದರು.

ಮಾದರಿಗಳನ್ನು ಒಂದೊಂದಾಗಿ ನನ್ನ ಹಲ್ಲುಗಳ ಪಕ್ಕ ಹಿಡಿದರು. ಕನ್ನಡಿಯಲ್ಲಿ ನೋಡಿದರೆ ಹದಿನಾರೂ ಒಂದೇ ಬಣ್ಣ. ನಾನು ಮೊದಲನೆಯದರ ಮೇಲೆಯೇ ಬೆರಳಿಟ್ಟೆ.

“ಅದು ಕಾಲೇಜು ಹುಡುಗೀರಿಗೆ ಹಾಕೋದು ಕಣೇ!”

“ನೀವು ನೋಡಿದ್ದೂ ಹಾಗೇ ಇತ್ತಲ್ಲ,” ಎಂದು ನಾಚಿದೆ.

ಇವರು ಬಲ್ಬನ್ನು ನೋಡಿದರು, ನನ್ನನ್ನು ನೋಡಿದರು, ನಂಬರು ಬರೆದುಕೊಂಡರು.

ಶುಕ್ರವಾರ ಸಂಜೆ ವೈದ್ಯರು ಟೋಪಿ ತೊಡಿಸಿ, “ಸ್ವಲ್ಪ ಬೆಳ್ಳಗಾಯ್ತೇನೋ... ಸದ್ಯಕ್ಕೆ ಹಗುರವಾಗಿ ಅಂಟಿಸಿದ್ದೀನಿ” ಎಂದು ತಲೆ ಕೆರೆದುಕೊಂಡರು. “ನಮ್ಮನೆಗೆ ಬಂದು ನೋಡಿ ಡಾಕ್ಟ್ರೇ!” ಎಂದೆ. ನಮ್ಮನೆಯ ದೀಪಗಳ ಕೆಳಗೆ ಎಲ್ಲ ಹಲ್ಲೂ ಒಂದೇ ತಾಯಿಯ ಮಕ್ಕಳು. ಮಾರನೆಯ ಬೆಳಗ್ಗೆ ಕಿಟಕಿಯ ಪರದೆಯನ್ನೂ ಸರಿಸದೆ, ಆ ದೀಪಗಳ ಕೆಳಗೇ ತಲೆ ಬಾಚಿಕೊಂಡು ಹೊರಟೆ.

ಮೈದಾನದಲ್ಲಿ ಸೂರ್ಯನಿದ್ದ. ಸೂರ್ಯನಿಗೆ ಕಣ್ಣಿನ ರುಚಿ ಇಲ್ಲ. ನಟ್ಟನಡುವೆ ಕೂತು ನಗೆ ಬೀರಿದೆ. ಫೋಟೊಗ್ರಾಫರ್ ಕ್ಯಾಮೆರಾದಿಂದ ತಲೆ ಎತ್ತಿದ.

“ಮಧ್ಯದ ಮೇಡಂ, ಬಾಯಲ್ಲಿ ಪೆಪ್ಪರ್‌ಮಿಂಟ್ ಇದ್ರೆ ನುಂಗ್ಬಿಡಿ.”

ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟ್ರು ಬಗ್ಗಿ ನೋಡಿದರು. “ಏನ್ ಮೇಡಂ, ಹಲ್ಲಿಗೂ ಬಲ್ಬ್ ಹಾಕಿಸಿದ್ರಾ?”

ವರ್ಷಗಟ್ಟಲೆ ಚಹಾ ಕುಡಿದು ಹಳದಿಯಾದ ಹಲ್ಲುಗಳ ನಡುವೆ ಅದೊಂದೇ ಬೆಳಗುತ್ತಿತ್ತು. ಹಳದಿ ಬೆಳಕಿನಲ್ಲಿ ಬಿಳಿಯೂ ಹಳದಿಯೂ ಒಂದೇ ಥರ ಕಾಣುತ್ತವೆ: ಎಂಟನೇ ತರಗತಿ, ‘ಬೆಳಕು’ ಪಾಠ. ಕಲಿಸುವವಳೂ ನಾನೇ! ಫೋಟೊದಲ್ಲಿ ಮೂವತ್ತೆಂಟು ಜನ ನಗುತ್ತಿದ್ದಾರೆ. ನಡುವೆ ನಾನೊಬ್ಬಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ.

ಮರುದಿನ ಬೆಳಗ್ಗೆ ಮರುಮಾತಿಲ್ಲದೆ ಕಿಟಕಿಯ ಹತ್ತಿರ ನಿಂತೆ. ಇವರು ಪಟ್ಟಿ ಹಿಡಿದು ಎರಡೇ ಸೆಕೆಂಡಿನಲ್ಲಿ, “ಹದಿನಾಲ್ಕನೇದು” ಎಂದು ಮುಗಿಸಿದರು. ಮುಖದ ಕಡೆ ನೋಡಲೇ ಇಲ್ಲ!

ಮನಸ್ಸು ಕೇಳಬೇಕಲ್ಲ? ಹಲ್ಲು ಹೋದರೆ ಹೋಗಲಿ, ಫೋಟೊ ಹೋದರೆ ಹೋಗಲಿ, ಆ ಒಂದು ಸಂಜೆಯಾದರೂ ನನಗೆ ಉಳಿಯಬೇಕು.

“ರೀ, ಅವತ್ತು ದೀಪದ ಕೆಳಗೆ ಅಷ್ಟೊತ್ತು ನನ್ನ ಮುಖದಲ್ಲಿ ಏನು ನೋಡ್ತಿದ್ರಿ?”

ಇವರು ಪಟ್ಟಿಯನ್ನು ಒರೆಸಿ ಡಬ್ಬಿಯಲ್ಲಿಟ್ಟರು.

“ನೋಡೋದೆಲ್ಲಿಂದ ಬಂತು? ಆ ಕತ್ತಲಲ್ಲಿ ನಿನ್ನ ಬಾಯಿ ಎಲ್ಲಿದೆ ಅಂತ ಹುಡುಕ್ತಿದ್ದೆ ಕಣೇ. ಬೇರೆ ದಿನ ಆಗಿದ್ರೆ ಶಬ್ದದ ಮೇಲೆ ಗೊತ್ತಾಗ್ತಿತ್ತು. ಅವತ್ತು ಮುಚ್ಕೊಂಡಿತ್ತಲ್ಲ!”