ನನ್ನ ಹೆಬ್ಬೆರಳನ್ನು ಗುರುತಿಸದ ಹಾಜರಾತಿ ಯಂತ್ರಕ್ಕೆ

ಕಾಲೇಜಿನ ಬಾಗಿಲಲ್ಲಿ, ಸೂಚನಾ ಫಲಕದ ಪಕ್ಕ ವಿರಾಜಮಾನರಾಗಿರುವ ಹೆಬ್ಬೆಟ್ಟಿನ ಹಾಜರಾತಿ ಯಂತ್ರ ಮಹಾಶಯರ ಸನ್ನಿಧಿಗೆ, ಇಂಡಿ ತಾಲೂಕಿನ ರಾಜಶ್ರೀ, ಬಿ.ಎಸ್ಸಿ. ಐದನೇ ಸೆಮಿಸ್ಟರ್, ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ದಿನಾಲೂ ಕಣ್ಣಾರೆ ನೋಡುತ್ತಿದ್ದೇನೆ. ಕುಡಿಯುವ ನೀರಿನ ಯಂತ್ರ ಕೆಟ್ಟು ಎರಡು ವರ್ಷವಾಯಿತು, ಲ್ಯಾಬಿನ ಸೂಕ್ಷ್ಮದರ್ಶಕಗಳು ಕುರುಡಾಗಿ ಮೂರು ವರ್ಷವಾಯಿತು, ತಮಗೆ ಮಾತ್ರ ಒಂದು ದಿನ ನೆಗಡಿಯೂ ಬಂದಿಲ್ಲ. ತಾವು ನಮ್ಮ ಕಾಲೇಜಿಗೆ ಭೂಷಣ.

ವಿಷಯ ಸಣ್ಣದು. ಬೆಳಗಿನ ಬಸ್ಸಿಗೆ ಮೊದಲು ಮತ್ತು ರಜೆಯ ದಿನಗಳಲ್ಲಿ ನಾನು ಅವ್ವನ ಜೊತೆ ತೋಟದಲ್ಲಿ ಲಿಂಬೆಹಣ್ಣು ಹರಿಯುವ ಕೂಲಿಗೆ ಹೋಗುತ್ತೇನೆ, ಏಕೆಂದರೆ ಫೀ, ಬಸ್ ಪಾಸು, ಪ್ರಾಕ್ಟಿಕಲ್ ರೆಕಾರ್ಡು ಎಲ್ಲವೂ ಆ ಗಿಡಗಳಿಂದಲೇ ಬರಬೇಕು. ಮುಳ್ಳು ಗೀರುತ್ತದೆ, ಗೀರಿದಲ್ಲಿ ರಸ ಸುಡುತ್ತದೆ, ಹೀಗಾಗಿ ಮೊದಲ ವರ್ಷ ತಮ್ಮ ಬಳಿ ಇಟ್ಟುಹೋದ ಹೆಬ್ಬೆರಳಿನ ಗೆರೆಗಳು ಈಗ ನನ್ನ ಬೆರಳಲ್ಲಿಲ್ಲ. ತಾವು ಇಂಗ್ಲಿಷಿನಲ್ಲಿ, ಮೆತ್ತಗಿನ ಹೆಣ್ಣುದನಿಯಲ್ಲಿ ‘ಪ್ಲೀಸ್ ಟ್ರೈ ಅಗೇನ್’ ಎನ್ನುತ್ತೀರಿ. ಇಷ್ಟು ಮರ್ಯಾದೆಯಿಂದ ನನ್ನನ್ನು ಹೊರಗೆ ನಿಲ್ಲಿಸಿದವರು ಬೇರೆ ಯಾರೂ ಇಲ್ಲ. ತಮ್ಮ ಕೃಪೆಯಿಂದ ನನ್ನ ಹಾಜರಾತಿ ಶೇಕಡಾ ನಲವತ್ತೊಂದು. ಎಪ್ಪತ್ತೈದು ಆಗದಿದ್ದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ.

ಅದೇ ತೋಟದ ಮಾಲೀಕರ ಮಗಳು ವರದಾ ನನ್ನ ಬೆಂಚಿನವಳೇ. ಅವಳು ಬೆರಳು ತಾಗಿಸುವಷ್ಟರಲ್ಲಿ ‘ಥ್ಯಾಂಕ್ ಯೂ’ ಎನ್ನುತ್ತೀರಿ. ಅವಳು ಸ್ಕೂಟಿ ತಿರುಗಿಸಿಕೊಂಡು ಕೋಚಿಂಗಿಗೆ ಹೋದರೂ ತಮ್ಮ ಪ್ರಕಾರ ಇಡೀ ದಿನ ಕ್ಲಾಸಿನಲ್ಲಿರುತ್ತಾಳೆ, ನಾನು ಐದೂ ಪೀರಿಯಡ್ ಕದಲದೆ ಕೂತರೂ ಊರಲ್ಲೇ ಇರುವುದಿಲ್ಲ. ವರದಾ ಕೆಟ್ಟವಳಲ್ಲ. ನನ್ನ ಕೈ ನೋಡಿ ಮರುಗಿ, ಗುಲಾಬಿ ವಾಸನೆಯ ಕ್ರೀಮು ಕೊಟ್ಟಳು. ಹಚ್ಚಿಕೊಂಡು ಬಂದರೆ ತಮ್ಮ ಗಾಜು ಜಿಡ್ಡಾಯಿತು, ಗುಮಾಸ್ತ ಪಂಢರಿನಾಥ ಸರ್ ಬೈದರು. ಉಪನ್ಯಾಸಕರ ಹಾಜರಿ ಪುಸ್ತಕದಲ್ಲಿ ನಾನಿದ್ದೇನೆಂದು ತೋರಿಸಿದೆ. ‘ಪುಸ್ತಕ ನಡ್ಯೂದಿಲ್ಲವ್ವಾ, ಮಷಿನ್ ಹೇಳಿದ್ದ ಖರೆ’ ಎಂದರು.

ಆದ್ದರಿಂದ ಒಂದು ಭಾನುವಾರ ಬಿಡುವು ಮಾಡಿಕೊಂಡು ತಾವೇ ತೋಟಕ್ಕೆ ದಯಮಾಡಿಸಬೇಕು. ಬೆಳಗಿನ ಆರಕ್ಕೆ ಗಿಡದ ಬುಡದಲ್ಲಿ ನನ್ನ ಹಾಜರಿ ಹಾಕಿಕೊಳ್ಳಬಹುದು, ಅಲ್ಲಿ ನಾನು ಒಂದು ದಿನವೂ ಗೈರಾಗಿಲ್ಲ. ಅದು ತಮ್ಮ ಘನತೆಗೆ ಒಗ್ಗದಿದ್ದರೆ, ನುಣುಪಾದ ಹೆಬ್ಬೆರಳುಗಳನ್ನು ಸೆಮಿಸ್ಟರಿನ ಮಟ್ಟಿಗೆ ಬಾಡಿಗೆಗೆ ಕೊಡುವ ಏರ್ಪಾಡು ಮಾಡಿರಿ. ಫೀ ಪಟ್ಟಿ ಅಷ್ಟು ಉದ್ದವಿದೆ, ಇನ್ನೊಂದು ಸಾಲು ಅದಕ್ಕೆ ಭಾರವಾಗಲಾರದು.

ದಿನವೂ ಬಂದು, ತಮ್ಮ ಲೆಕ್ಕದಲ್ಲಿ ಅರ್ಧದಷ್ಟೂ ಬರದ,
ತಮ್ಮ ವಿಶ್ವಾಸಿ,
ರಾಜಶ್ರೀ

ತಾ.ಕ.: ಈ ಪತ್ರವನ್ನು ತಮ್ಮ ಪಕ್ಕ ಅಂಟಿಸುವ ಮೊದಲೇ ಹಾಲ್ ಟಿಕೆಟ್ ಸಿಕ್ಕಿತು. ಪಾಲಕರು ಮುಚ್ಚಳಿಕೆ ಕೊಟ್ಟರೆ ಸಾಕಂತೆ. ಅವ್ವ ಕೂಲಿ ಬಿಟ್ಟು ಬಂದಿದ್ದಳು. ಪಂಢರಿನಾಥ ಸರ್ ಅಚ್ಚುಹಾಕಿದ ಕಾಗದದ ಜೊತೆ ಮಸಿಯ ಪ್ಯಾಡನ್ನೂ ಸರಿಸಿದರು. ‘ಪೆನ್ ಕೊಡ್ರಿ, ನನಗ ಸಹಿ ಬರತೈತಿ’ ಎಂದಳು. ನಾನೇ ಕಲಿಸಿದ್ದು. ಹೆಸರಷ್ಟೇ ಬರುತ್ತದೆ, ಓದಲು ಬರುವುದಿಲ್ಲ. ‘ಕಸ್ತೂರೆವ್ವ’ ಎಂದು ಒತ್ತಿ ಒತ್ತಿ ಬರೆದು ನನ್ನ ಕಡೆ ನೋಡಿ ನಕ್ಕಳು. ಅದು ಆಕೆಯ ಜೀವಮಾನದ ಮೊದಲ ಸಹಿ. ಅದರ ಮೇಲಿನ ಸಾಲು: ‘ಓದಿನಲ್ಲಿ ಆಸಕ್ತಿ ಇಲ್ಲದ್ದರಿಂದ ನನ್ನ ಮಗಳು ತರಗತಿಗೆ ಬಂದಿರುವುದಿಲ್ಲ.’ ಬಸ್ಸಿನಲ್ಲಿ ಅವ್ವ, ಅದರಾಗ ಏನ ಬರದಿತ್ತು ಎಂದು ಕೇಳಿದಳು. ನಾನು ದಿನಾಲೂ ಕಾಲೇಜಿಗೆ ಬರುತ್ತೇನೆಂದು ಬರೆದಿತ್ತು ಎಂದೆ.