ಅರ್ಧ ಪಾಲು

"ಈ ಊರಲ್ಲಿ ನನ್ನ ಜೊತೆ ನಿಲ್ಲುವ ಜನ ಒಂದೂ ಇಲ್ವಾ?"

ಕುಂಬ್ರದ ದಾರಿಗಳು ಕೂಡುವಲ್ಲಿ, ಬೀಗ ಹಾಕಿದ ಕೋಣೆಯೊಂದರ ಎದುರು ನಿಂತು ಮೇದಪ್ಪ ಹೀಗೆ ಕೇಳಿದಾಗ ದಾರಿಯಲ್ಲಿ ಯಾರೂ ಇರಲಿಲ್ಲ. ಬೀಗವೂ ಬಾಯಿ ಬಿಡಲಿಲ್ಲ.

ಸೇರು ಹೋಗಿ ಲೀಟರು ಬರುತ್ತದಂತೆ ಎಂದು ಜನ ಗಾಬರಿಯಲ್ಲಿದ್ದ ವರ್ಷ ಅದು. ಮೇದಪ್ಪ ಸುಳ್ಯದ ಕಡೆಯ ಗೌಡ. ಹತ್ತು ವರ್ಷ ಕಂಡವರ ಹೋಟೆಲಿನಲ್ಲಿ ಚಾ ಮಾಡಿ ಅವನ ಕೈ ಎಷ್ಟು ಪಳಗಿತ್ತೆಂದರೆ, ಆ ಚಾ ಕುಡಿಯುತ್ತ ಬಸ್ಸು ತಪ್ಪಿಸಿಕೊಂಡವರೂ ಇನ್ನೊಂದು ಗ್ಲಾಸು ಹೇಳಿ ಕೂತುಬಿಡುತ್ತಿದ್ದರು. ಪಳಗದೇ ಉಳಿದದ್ದು ಬಾಯಿ. ನಾಲ್ಕು ಮಾತು ಆಡಬೇಕಾದಲ್ಲಿ ಅವನ ನಾಲಿಗೆ ಕೆಸರಿನಲ್ಲಿ ಹೂತ ಗಾಡಿಚಕ್ರದಂತೆ ಇದ್ದಲ್ಲೇ ತಿರುಗುತ್ತಿತ್ತು. ಈಗ ಸ್ವಂತ ಹೋಟೆಲು ಇಡುತ್ತೇನೆಂದು ಹಳೆಯ ಧಣಿಗೆ ಹೇಳಿ ಬಂದಿದ್ದ. ಹಿಂದಿರುಗಿ ಹೋಗುವ ದಾರಿ ಮುಚ್ಚಿತ್ತು.

ಕೋಣೆ ಸಾಹುಲ್ ಹಮೀದ್ ಸಾವುಕಾರರದು. ಅವರದೊಂದು ಕಟ್ಟಳೆ: ಒಬ್ಬನೇ ನಡೆಸುವ ಅಂಗಡಿಗೆ ಕೋಣೆ ಇಲ್ಲ. ಹಿಂದೆ ಅಲ್ಲಿದ್ದ ಒಂಟಿ ಸೋಡಾದವನು ಅಕ್ಕನ ಮಗಳ ಮದುವೆಗೆಂದು ಬೀಗ ಹಾಕಿ ಹೋದವನು, ಆ ಮಗಳ ಮಗುವನ್ನು ತೊಟ್ಟಿಲಿಗೆ ಹಾಕಿಯೇ ಮರಳಿದ್ದ. ಮಸೀದಿಯಲ್ಲಿ ಸಂಜೆಯ ನಮಾಜಿಗೆ ಕರೆಯುವ ಬಾಂಕ್ ಕೊಡುವುದರೊಳಗೆ ಪಾಲುದಾರನನ್ನು ಕರೆತಂದರೆ ಬೀಗದ ಕೈ, ಇಲ್ಲವಾದರೆ ಕೋಣೆ ಬೇರೆಯವರಿಗೆ ಎಂದು ಸಾವುಕಾರರು ನಿನ್ನೆಯೇ ಹೇಳಿಬಿಟ್ಟಿದ್ದರು.

ಪಕ್ಕದ ಅಂಗಡಿಯ ಟೈಲರ್ ಕೃಷ್ಣಮೋಹನನಿಗೆ ಊರಿನ ಎಲ್ಲರ ಅಳತೆಯೂ ಬಾಯಿಪಾಠ. ಹೊಲಿಗೆ ನಿಲ್ಲಿಸಿ ಅವನು ಸಲಹೆ ಕೊಟ್ಟ. ಮಾತು ಬಾರದವನಿಗೆ ಮಾತಿನವನೇ ಜೊತೆ. ಮಾತೆಂದರೆ ನರಿಮೊಗರಿನ ಕುಕ್ಕಪ್ಪ. ತಾಳಮದ್ದಳೆಯಲ್ಲಿ ಅವನು ಅರ್ಥ ಹೇಳಲು ಕೂತರೆ ಎದುರಾಳಿಗೆ ನೀರು ಕುಡಿಯಲೂ ಸಂದು ಸಿಗುವುದಿಲ್ಲ.

ಮೇದಪ್ಪ ನರಿಮೊಗರಿಗೆ ಓಡಿದ.

ವಿಷಯ ಕೇಳಿದ ಕುಕ್ಕಪ್ಪ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ, ಶಾಲು ಸರಿಮಾಡಿಕೊಂಡು, ಗಂಟಲು ತೆರೆದ. ಲೋಕದಲ್ಲಿ ಜೋಡಿಯಾಗಿ ನಡೆಯದ್ದು ಯಾವುದು? ನೊಗಕ್ಕೆ ಎತ್ತು ಎರಡು, ಮುಖಕ್ಕೆ ಕಣ್ಣು ಎರಡು, ತಾಳವಾದರೂ ಒಂದೇ ಇದ್ದರೆ ನುಡಿದೀತೇ? ಕೇಳುತ್ತ ಕೇಳುತ್ತ ಮೇದಪ್ಪನ ಕಣ್ಣು ತುಂಬಿತು. ದಾರಿಹೋಕರು ಅಂಗಳದಲ್ಲಿ ನಿಂತರು. ಹೋಟೆಲಿನ ಹೊಗೆ ಸ್ವರ್ಗ ಮುಟ್ಟುವಲ್ಲಿಗೆ ಕುಕ್ಕಪ್ಪ ಮಾತು ನಿಲ್ಲಿಸಿ ಎದುರು ನೋಡಿದ. ಉತ್ತರ ಹೇಳುವವರು ಯಾರೂ ಇರಲಿಲ್ಲ.

ಅಭ್ಯಾಸ ಬಲ ಅಲ್ಲಿ ಕೈಕೊಟ್ಟಿತು. ಎದುರಾಳಿ ಇಲ್ಲದೆ ಪ್ರಸಂಗ ಮುಗಿಯುವುದುಂಟೇ? ಕುಕ್ಕಪ್ಪ ಎದ್ದು ಜಗಲಿಯ ಆಚೆ ಬದಿಯಲ್ಲಿ ಕೂತು, ತಾನೇ ಎದುರಾಳಿಯಾದ.

"ಎರಡು ಕಣ್ಣು ಎಂದೆಯಲ್ಲ," ಎಂದು ತಾನು ಎದ್ದುಬಂದ ಜಾಗಕ್ಕೆ ಕೈ ತೋರಿಸಿ ಕೇಳಿದ. "ಹುಟ್ಟಿದಂದಿನಿಂದ ಅಕ್ಕಪಕ್ಕದಲ್ಲೇ ಇದ್ದಾವೆ. ಒಂದು ಇನ್ನೊಂದನ್ನು ಯಾವತ್ತಾದರೂ ಕಂಡದ್ದುಂಟೋ?"

ಅಂಗಳದಲ್ಲಿದ್ದವರು ತಲೆದೂಗಿದರು. ಮೇದಪ್ಪನೂ ತೂಗಿದ. ಆಮೇಲೆ ಕುಕ್ಕಪ್ಪ ಎತ್ತಿನ ನೊಗ ಕಳಚಿದ, ತಾಳವನ್ನು ಒಡೆದ, ಜೊತೆ ಎಂಬುದು ಜಗಳದ ಗರ್ಭ ಎಂದು ಸಾಧಿಸಿಬಿಟ್ಟ. ಕೊನೆಗೆ ಬೆವರು ಒರೆಸಿಕೊಂಡು ಮೊದಲಿನ ಜಾಗಕ್ಕೆ ಬಂದು ಕೈಮುಗಿದ.

"ಸೋತೆ ಮಾರಾಯ. ಇಷ್ಟು ಕೇಳಿದ ಮೇಲೂ ನಾನು ಪಾಲುದಾರ ಆಗುದು ಧರ್ಮ ಅಲ್ಲ."

ಎಂಥ ಮಾತುಗಾರ ಎಂದು ಮನಸ್ಸಿನಲ್ಲೇ ಕೊಂಡಾಡುತ್ತ ಮೇದಪ್ಪ ಅರ್ಧ ದಾರಿ ಬಂದಿದ್ದ. ಸೋತದ್ದು ತಾನು ಎಂದು ಹೊಳೆದದ್ದು ಅಲ್ಲಿ.

ಅದೇ ಹೊತ್ತಿಗೆ ಎದುರಿನಿಂದ ಕದೀಜಮ್ಮ ಹಾಲು ಕೊಟ್ಟು ಮರಳುತ್ತಿದ್ದರು. ಗಂಡ ತೀರಿಹೋದ ಮೇಲೆ ಮೂರು ಹಸು ಕಟ್ಟಿಕೊಂಡು ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ದಿನಕ್ಕೆ ಮೂವತ್ತು ಮನೆ. ಎಲ್ಲಿ ನೆಂಟರು ಬಂದಿದ್ದಾರೆ, ಯಾವ ಮಗುವಿಗೆ ಜ್ವರ, ಯಾರಿಗೆ ಇವತ್ತು ಕಾಲು ಸೇರು ಹೆಚ್ಚು ಬೇಕು, ಎಲ್ಲ ತಲೆಯಲ್ಲೇ. ಬಸ್ಸು ಬರುವುದು ತಡವಾದರೆ ಮಳೆಯನ್ನೋ ಡ್ರೈವರನ್ನೋ ಬಯ್ಯಬಹುದಿತ್ತು. ಕದೀಜಮ್ಮ ತಡವಾದರೆ ಎಂತ ಮಾಡುವುದೆಂದು ಊರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವರು ತಡವಾದದ್ದೇ ಇಲ್ಲ.

ಮೇದಪ್ಪ ದಾರಿಯ ಬದಿಗೆ ಸರಿದು ನಿಂತ. ಕಾಲು ಸವೆಯುವಷ್ಟು ಹುಡುಕಿದ ಮೇಲೆ ದೇವರ ಮೂರ್ತಿ ಮನೆಯ ಮಾಡದಲ್ಲೇ ಸಿಕ್ಕಿದಂತಾಯಿತು ಅವನಿಗೆ. ಪಾಲುದಾರ ಎಂದರೆ ಇವರಲ್ಲವೇ?

ಕೃಷ್ಣಮೋಹನನಿಗೆ ಹೇಳಿದರೆ ಅವನು ಕತ್ತರಿ ಎತ್ತಿ ಎಚ್ಚರಿಸಿದ. ಕುಕ್ಕಪ್ಪನಲ್ಲಿ ಕೆಲಸ ಕೆಟ್ಟದ್ದೇ ಮಾತು ಉದ್ದವಾಗಿ. ಕದೀಜಮ್ಮನಿಗೆ ಕೆಲಸ ಉಂಟು, ನಿಂತು ಕೇಳುವ ಜನ ಅಲ್ಲ. ಎಷ್ಟು ಕಡಮೆ ಮಾತಾಡಿದರೆ ಅಷ್ಟು ಒಳ್ಳೆಯದು. ಈ ಸಲಹೆ ಮೇದಪ್ಪನ ನಾಲಿಗೆಗೆ ಹೇಳಿ ಹೊಲಿಸಿದಂತಿತ್ತು.

ಕದೀಜಮ್ಮ ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಮೇದಪ್ಪ ಬೇಲಿಯ ಹೊರಗಿನಿಂದಲೇ ಶುರುಮಾಡಿದ.

"ಕದೀಜಮ್ಮ, ನಾನೊಂದು ಹೋಟೆಲು ಇಡುದು. ನಿಮ್ಮ ಪಾಲು ಬೇಕಿತ್ತು."

ಅವರು ತಿರುಗಿ ನೋಡಿದರು. ಮುಖ ಅರಳಿತು. "ಎಷ್ಟು?"

"ಅರ್ಧ."

"ದಿನಾ ಉಂಟಲ್ಲ? ಒಂದು ದಿನ ಬೇಕು, ಒಂದು ದಿನ ಬೇಡ ಅಂತ ಆಗ್ಬಾರ್ದು."

"ದಿನಾ. ಕಡೇವರೆಗೂ."

"ಯಾವಾಗಿಂದ?"

"ಇವತ್ತೇ. ಬಾಂಕಿನ ಮೊದಲು ಸಾವುಕಾರ್ರ ಜಗಲಿಗೆ ಬಂದ್ರೆ ಆಯ್ತು."

"ಬರ್ತೇನೆ ಗೌಡ್ರೆ."

ಇಷ್ಟೇ. ಹತ್ತು ವರ್ಷದ ಕನಸು ಹತ್ತು ಮಾತಿನಲ್ಲಿ ಮುಗಿಯಿತು. ಮೇದಪ್ಪ ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಸುದ್ದಿ ಹೇಳಿದ. ಸಂಜೆಗೆ ಸಾವುಕಾರರ ಜಗಲಿಯಲ್ಲಿ ಅರ್ಧ ಕುಂಬ್ರ ಕೂತಿತ್ತು. ನರಿಮೊಗರಿನಿಂದ ಕುಕ್ಕಪ್ಪನೂ ಬಂದಿದ್ದ. ಪಾಲುದಾರರು ಕದೀಜಮ್ಮ ಎಂದು ಕೇಳಿದ ಸಾವುಕಾರರು, ಇಂಥವರನ್ನು ಆರಿಸುವ ಬುದ್ಧಿ ನಿನಗೆಲ್ಲಿಂದ ಬಂತು ಮಾರಾಯ ಎಂದು ಮೇದಪ್ಪನ ಬೆನ್ನು ತಟ್ಟಿ ಬೀಗದ ಕೈ ಹೊರಗೆ ತೆಗೆದರು.

ಹೇಳಿದ ಹೊತ್ತಿಗೆ ಸರಿಯಾಗಿ ಕದೀಜಮ್ಮ ಬಂದರು. ಕೈಯಲ್ಲಿ ಬಾಳೆಲೆ ಮುಚ್ಚಿದ ಚೆಂಬು.

"ತಕೊಳ್ಳಿ ಗೌಡ್ರೆ, ಅರ್ಧ ಸೇರು. ಹೋಟೆಲಿಗೆ ಅರ್ಧ ಸೇರು ಎಂತಕ್ಕೆ ಸಾಕು ಅಂತ ನಂಗೆ ಗೊತ್ತಾಗ್ಲಿಲ್ಲ. ಆದ್ರೂ ನೀವು ನಮ್ಮ ಮಾತಲ್ಲೇ ಪಾಲ್ ಅಂತ ಕೇಳಿದ್ದು ಖುಷಿ ಆಯ್ತು."

ಮೇದಪ್ಪ ಕೇಳಿದ್ದು ಕನ್ನಡದ ಪಾಲು. ಕದೀಜಮ್ಮನ ಮನೆಮಾತಿನಲ್ಲಿ ಪಾಲ್ ಎಂದರೆ ಹಾಲು. ಮೊದಲು ನಕ್ಕವರು ಸಾವುಕಾರರು. ಅವರ ಟೊಪ್ಪಿ ಜಾರಿ ಮಡಿಲಿಗೆ ಬಿತ್ತು. ಆಮೇಲೆ ನಗದವರು ಇಬ್ಬರೇ: ಮೇದಪ್ಪ, ಕದೀಜಮ್ಮ.

ಮೇದಪ್ಪ ತಡವರಿಸುತ್ತ ನಿಜ ಸಂಗತಿ ಹೇಳಿದ. ಕದೀಜಮ್ಮ ಗಮನವಿಟ್ಟು ಕೇಳಿ, ಚೆಂಬನ್ನು ಜಗಲಿಯ ಮೇಲಿಟ್ಟು, ಸಾವುಕಾರರ ಕಡೆಗೆ ತಿರುಗಿದರು.

"ಕೋಣೆಗೆ ಇಬ್ಬರು ಇದ್ರೆ ಸಾಕಾ ಸಾವುಕಾರ್ರೆ?"

ಸಾಕು ಎಂದರು ಸಾವುಕಾರರು.

"ಹಾಗಾದ್ರೆ ನನ್ನ ಮಗ ಅದ್ದು ಸವಣೂರಲ್ಲಿ ಕಂಡವರ ಅಂಗಡಿಯಲ್ಲಿ ಚಾ ಹೊಯ್ಯುದು ಯಾಕೆ? ಎದುರು ಅವನು ನಿಲ್ತಾನೆ, ಒಳಗೆ ನಾನು ಇರ್ತೇನೆ. ಹಾಲು ಮನೆಯದ್ದೇ ಉಂಟು. ಕೋಣೆ ನಮಗೆ ಕೊಡಿ."

ಅಷ್ಟರಲ್ಲಿ ಬಾಂಕ್ ಕೇಳಿಸಿತು. ಕಟ್ಟಳೆ ಎಂದರೆ ಕಟ್ಟಳೆ. ಸಾವುಕಾರರು ನಗು ಒರೆಸಿಕೊಂಡು ಬೀಗದ ಕೈಯನ್ನು ಕದೀಜಮ್ಮನ ಕೈಗಿಟ್ಟರು.

ಮೇದಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾನು ಹತ್ತು ವರ್ಷ ಯೋಚಿಸಿದ್ದನ್ನು ಈ ಹೆಂಗಸು ಚೆಂಬು ಕೆಳಗಿಡುವಷ್ಟರಲ್ಲಿ ಯೋಚಿಸಿ ಮುಗಿಸಿದ್ದರು. ಆರಿಸಿದ್ದರಲ್ಲಿ ತಪ್ಪಿರಲಿಲ್ಲ ಎಂದು ಅವನಿಗೆ ಒಳಗಿಂದೊಳಗೆ ಹೆಮ್ಮೆಯೇ ಆಯಿತು. ಆ ಹೆಮ್ಮೆಗೋ ಹೆದರಿಕೆಗೋ, ಹುಟ್ಟಿದ ಮೇಲೆ ಮೊದಲ ಸಲ ಅವನ ನಾಲಿಗೆ ಕೆಸರಿನಿಂದ ಮೇಲೆದ್ದಿತು. ತನ್ನ ಕೈಯ ಚಾ ಎಂಥದು, ಬೆಳಗ್ಗಿನ ಮೊದಲ ಬಸ್ಸಿಗೆ ಎಷ್ಟು ಗಂಟೆಗೆ ಒಲೆ ಹಚ್ಚಬೇಕು, ಅದ್ದುವಿಗೆ ಮಗ್ಗುಲಲ್ಲಿ ನಿಂತು ಕಲಿಸುವವರು ಬೇಡವೇ ಎಂದು ನಿಲ್ಲಿಸದೆ ಹೇಳಿದ. ಕುಕ್ಕಪ್ಪನೇ ಬಾಯಿ ಬಿಟ್ಟುಕೊಂಡು ಕೇಳಿದ. ಕಡೆಗೆ ಮೇದಪ್ಪ ಕೈಜೋಡಿಸಿ, ಅರ್ಧ ಬೇಡ, ಕಾಲು ಪಾಲಾದರೂ ಸಾಕು, ತನ್ನನ್ನು ಜೊತೆಗೆ ಸೇರಿಸಿಕೊಳ್ಳಿ ಎಂದು ಬೇಡಿಕೊಂಡ.

ಕದೀಜಮ್ಮ ಒಂದು ಮಾತನ್ನೂ ಬಿಡದೆ ಕೇಳಿದರು. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಆಗುದಿಲ್ಲ ಗೌಡ್ರೆ," ಎಂದರು. "ನಾನು ಪಾಲಿಗೆ ಎಂತದೂ ಬೆರೆಸುದಿಲ್ಲ."