ಚಹಾದಾನಿಯ ಕುಲಾವಿ

ಲಿಂಗಸುಗೂರಿನಲ್ಲಿ ಮನುಷ್ಯರ ತಲೆಗಿಂತ ಚಹಾದಾನಿಯ ತಲೆಗೆ ಹೆಚ್ಚು ಮರ್ಯಾದೆ ಕೊಟ್ಟವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ ಮಾತ್ರ! ಅದು ನಿಜಾಮರ ಕಾಲ. ಅಧಿಕಾರಿಗಳೆದುರು ಬರಿತಲೆಯಲ್ಲಿ ನಿಲ್ಲುವಂತಿರಲಿಲ್ಲ. ಹಾಗಿರುವಾಗ ಚಹಾದಾನಿಯೊಂದೇ ಏಕೆ ಬೋಳುತಲೆಯಲ್ಲಿರಬೇಕು ಎಂಬುದು ಆಕೆಯ ವಾದ.

ಮನೆಗೆ ಔಷಧಿ ಕೊಡಲು ಬರುತ್ತಿದ್ದ ಇಂಗ್ಲಿಷ್ ನರ್ಸಮ್ಮನೊಬ್ಬರಿಂದ ಅತ್ತೆ ಹೆಣಿಗೆ ಕಲಿತಳು. ಅವರ ಚಳಿ ದೇಶದಲ್ಲಿ ಚಹಾ ಆರಬಾರದೆಂದು ಚಹಾದಾನಿಗೆ ಉಣ್ಣೆಯ ಕುಲಾವಿ ತೊಡಿಸುತ್ತಾರಂತೆ. ಬಾವಿಯಿಂದ ಸೇದಿದ ನೀರೇ ಬೆಚ್ಚಗಿರುವ ನಮ್ಮೂರಿನಲ್ಲಿ ಚಹಾ ಆರುವುದಾದರೂ ಎಂದು? ಅತ್ತೆ ಕೇಳಬೇಕಲ್ಲ! ಮಸ್ಕಿಯ ಕುರುಬರಿಂದ ಕಂಬಳಿಯ ನೂಲು ತರಿಸಿದಳು. ಹೆಣಿಗೆಯ ಕಡ್ಡಿ ಸಿಗದಿದ್ದಾಗ ಅಪ್ಪನ ಛತ್ರಿಯಿಂದಲೇ ನಾಲ್ಕು ಕಡ್ಡಿ ಕಿತ್ತಳು. ಆ ಮಳೆಗಾಲವಿಡೀ ಅಪ್ಪ ಅರ್ಧ ನೆನೆದು, ಅರ್ಧ ಒಣಗಿಕೊಂಡೇ ಕಚೇರಿಗೆ ಹೋದ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅತ್ತೆಗೆ ಒಂಬತ್ತಕ್ಕೆ ಮದುವೆ ಮಾಡಿದ್ದರು. ಹನ್ನೊಂದಕ್ಕೆ ಗಂಡ ಸತ್ತನೆಂದು ಹೊಸ್ತಿಲೊಳಗೆ ಕೂಡಿಹಾಕಿದ್ದರು. ಅದು ವಿಧಿಯಲ್ಲ, ನಮ್ಮವರೇ ಕೈಯಾರೆ ಮಾಡಿದ ಅನ್ಯಾಯ. ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆಯದಿದ್ದರೆ ಅದು ಸಂಪ್ರದಾಯವೆಂಬ ಹೆಸರಿನಲ್ಲಿ ಸುಖವಾಗಿ ಬದುಕಿಬಿಡುತ್ತದೆ.

ಅದೇ ಅನ್ಯಾಯ ಈಗ ನನ್ನತ್ತಲೂ ಬರುತ್ತಿತ್ತು. ಸಿಂಧನೂರಿನ ದೊಡ್ಡ ಮನೆತನವೊಂದು ಹೆಣ್ಣು ನೋಡಲು ಬರುವುದಿತ್ತು. ನನಗೆ ಹನ್ನೆರಡು ವರ್ಷ. ರಾಯಚೂರಿಗೆ ಹೋಗಿ ಮುಂದೆ ಓದುವ ಆಸೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಸುದ್ದಿ ತಿಳಿದ ದಿನವೇ ಅತ್ತೆ, ಹೆಣೆದಿಟ್ಟಿದ್ದ ಸಾದಾ ಕುಲಾವಿಯನ್ನು ಬಿಚ್ಚಿ ಹೊಸ ಚಿತ್ರಕ್ಕೆ ತೊಡಗಿದಳು. ಹಿಂದೆ ಮುದಗಲ್ಲಿನಲ್ಲಿ ಅಕ್ಕಸಾಲಿಗನ ಮಗಳೊಬ್ಬಳಿದ್ದಳಂತೆ. ವಿಜಯನಗರದ ಅರಸ ಆಕೆಯನ್ನು ಬಯಸಿ ಪಲ್ಲಕ್ಕಿ ಕಳಿಸಿದ, ಹುಡುಗಿ ಒಲ್ಲೆನೆಂದಳು. ಅದರಿಂದಾದ ಯುದ್ಧವನ್ನು ಚರಿತ್ರೆಕಾರರು ಪುಟಗಟ್ಟಲೆ ಬರೆದರು. ಹುಡುಗಿಯ ಮಾತಿಗೆ ಕೊಟ್ಟದ್ದು ಒಂದೇ ಸಾಲು. ಆ ಸಾಲನ್ನು ಅತ್ತೆ ಉಣ್ಣೆಯಲ್ಲಿ ದೊಡ್ಡದು ಮಾಡಹೊರಟಳು.

ಆದರೆ ‘ಒಲ್ಲೆ’ ಎಂಬುದನ್ನು ಹೆಣೆಯುವುದು ಹೇಗೆ? ಹುಡುಗಿಯ ಮುಖ ಬದನೆಕಾಯಿಯಂತೆ ಬಂತು. ಅರಸನ ಕುದುರೆಯಂತೂ ಸಾಕ್ಷಾತ್ ಕುರಿಯಾಯಿತು! ನಾನು ನಕ್ಕರೆ ಅತ್ತೆ ಗಂಭೀರವಾಗಿ ಹೇಳಿದಳು: “ಕುರಿ ಉಣ್ಣೆ ಅಲ್ಲೇನಬೇ? ತನ್ನ ರೂಪ ಎಲ್ಲಿ ಬಿಡ್ತದ ಅದು.”

ಎರಡನ್ನೂ ಬಿಚ್ಚಿದ ಮೇಲೆ ಕೊನೆಗೆ ಉಳಿದದ್ದು ಬಾಗಿಲು ತೆರೆದ ಖಾಲಿ ಪಲ್ಲಕ್ಕಿ. ಚಹಾದಾನಿಯ ಮೂತಿಗೆ ಬಿಟ್ಟ ಸೀಳೇ ಪಲ್ಲಕ್ಕಿಯ ಬಾಗಿಲು. ಅರಸನ ಕನಸಿನಲ್ಲಿ ರಾಣಿ ಇಳಿಯಬೇಕಿದ್ದ ಕಡೆಯಿಂದ ನಮ್ಮ ಮನೆಯಲ್ಲಿ ಚಹಾ ಇಳಿಯತೊಡಗಿತು!

ಬೀಗರು ಬಂದರು. ಶುಭಕಾರ್ಯದ ಎದುರು ವಿಧವೆ ಬರಬಾರದೆಂಬ ಕ್ರೂರ ನಿಯಮದಂತೆ ಅತ್ತೆ ಬಾಗಿಲ ಮರೆಯಲ್ಲಿ ನಿಂತಳು. ಚಹಾದಾನಿ ಮಾತ್ರ ಕುಲಾವಿ ತೊಟ್ಟು ನನ್ನ ಕೈಯಲ್ಲಿ ನಡುಮನೆಗೆ ಬಂತು. ಹುಡುಗನ ಅಜ್ಜ ಕನ್ನಡಕ ಏರಿಸಿ ನೋಡಿದರು.

“ಪಲ್ಲಕ್ಕಿ ಖಾಲಿ ಅದಲ್ರೀ. ಯಾಕ?”

ಅಪ್ಪ ಬಾಗಿಲ ಕಡೆ ನೋಡಿದ. ಬಾಗಿಲ ಹಿಂದಿನಿಂದ ಅತ್ತೆ ಇಡೀ ಕತೆ ಹೇಳಿದಳು. ಅಜ್ಜ ಬಟ್ಟಲು ಕೆಳಗಿಟ್ಟರು.

“ಅರಸನ ಕಡಿಂದ ಬಂದ್ರ ಅಕಿ ಅಪ್ಪ ಹೂಂ ಅನ್ನಲಿಲ್ಲೇನು?”

“ಅಂದಿದ್ದ ರೀ. ಆಮ್ಯಾಲ ಮಗಳನ್ನ ಕೇಳಿದ,” ಎಂದಳು ಅತ್ತೆ.

ಅಜ್ಜ ಅಪ್ಪನತ್ತ ತಿರುಗಿದರು. “ನೀವು ಕೇಳೀರೇನ್ರೀ?”

ಅಪ್ಪನ ಕಿವಿ ಕೆಂಪಾದವು. ನನ್ನನ್ನು ಆ ದಿನ ಮೊದಲ ಸಲ ಕಂಡವನಂತೆ ನೋಡಿದ. “ಏನಂತೀಯವ್ವ ನೀ?”

“ನಾ ಸಾಲಿಗೆ ಹೋಗ್ತೀನಪ್ಪ.”

ಅಜ್ಜ ಇನ್ನೊಂದು ಬಟ್ಟಲು ಚಹಾ ಕುಡಿದು, ನನ್ನ ತಲೆ ಸವರಿ, ಸಿಟ್ಟಿಲ್ಲದೆ ಎದ್ದು ಹೋದರು. ಈ ಸಲ ಯಾವ ಯುದ್ಧವೂ ಆಗಲಿಲ್ಲ!

ಓಡಿಹೋಗಿ ಅತ್ತೆಯನ್ನು ಅಪ್ಪಿಕೊಂಡೆ. ಆಗ ನನಗೆ ಹೊಳೆಯಿತು: ಆಕೆಯನ್ನೂ ಇದುವರೆಗೆ ಯಾರೂ ಕೇಳಿರಲಿಲ್ಲ. ನಿನಗೇನು ಬೇಕು ಎಂದು ಕೇಳಿದೆ. ಏನೋ ತಪ್ಪು ಮಾಡುತ್ತಿರುವವಳಂತೆ ಮೆಲ್ಲಗೆ ಹೇಳಿದಳು:

“ಮುದಗಲ್ ಹ್ಯಾಂಗದ ನೋಡಬೇಕಬೇ. ನಾ ನೋಡೇ ಇಲ್ಲ.”

ಅರ್ಧ ದಿನದ ಬಂಡಿಹಾದಿ ಅಷ್ಟೇ. ಮುಂದಿನ ವಾರ ಅಪ್ಪ ತಾನೇ ಎತ್ತು ಹೂಡಿದ. ಕೋಟೆಯ ಅಗಸಿಬಾಗಿಲು ಕಂಡೊಡನೆ ಅತ್ತೆ ಬಂಡಿ ನಿಲ್ಲಿಸಲು ಹೇಳಿದಳು. ಇಳಿದು, ಮುಖದ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಯಾರ ಕೈಯನ್ನೂ ಹಿಡಿಯದೆ ನಡೆದೇ ಒಳಗೆ ಹೋದಳು.